ಅಗಿಯದೆ ಕೊಟ್ಟ ಹಸಿರು ಚೀಟಿ

ಮಾರ್ಚ್ 14, ಭಾನುವಾರ
ಮಧ್ಯಾಹ್ನ

ಪ್ರೀತಿಯ ಒಲೆಯಕ್ಕನಿಗೆ,

ನಿನ್ನ ಮಾತಿನಮಲ್ಲಿಯ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ ಅಂತ ಶುರು ಮಾಡುವುದು ರೂಢಿ. ನಿನ್ನ ಹತ್ತಿರ ಆ ರೂಢಿಯ ಮಾತು ಬೇಡ, ಕ್ಷೇಮವಾಗಿಲ್ಲ. ನಿನ್ನ ಕಾಗದ ಬಂದದ್ದು ಡಿಸೆಂಬರ್ ಎರಡನೇ ವಾರ, ಈಗ ಮಾರ್ಚ್ ಅರ್ಧ ಕಳೆದುಹೋಗಿದೆ. ಮೂರು ತಿಂಗಳು ಉತ್ತರ ಬರೆಯದೆ ಕೂತವಳನ್ನು ನೀನು ಬೈದುಕೊಂಡಿರುತ್ತೀಯ. ಇನ್ನೂ ಬೈದಿಲ್ಲವಾದರೆ ಈಗ ಬೈದುಬಿಡು, ಆಮೇಲೆ ಮುಂದೆ ಓದು. ಫೋನು ಮಾಡೋಣವೆಂದರೆ ಇಪ್ಪತ್ತೆರಡು ವರ್ಷ ಓವನ್ ಪಕ್ಕ ನಿಂತು ನಿನ್ನ ಕಿವಿ ಮಂದವಾಗಿದೆ, ಇತ್ತ ನನ್ನ ಬಾಯಿ ಸರಿಯಾಗಿ ತೆರೆಯುತ್ತಿಲ್ಲ. ಕಿವಿ ಕೇಳದವಳೂ ಬಾಯಿ ಬಾರದವಳೂ ಫೋನಿನಲ್ಲಿ ಏನು ಮಾತಾಡುವುದು ಹೇಳು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದ್ದೇನೆಂದರೆ ಈಗ ನೋಡದೆಯೇ ಹೇಳಬಲ್ಲೆ. ನಿನ್ನ ತಂಗಿಯ ಊರಿನಲ್ಲಿ ಒಂದು ಬೇಕರಿ, ಯಜಮಾನರಿಗೆ ವಯಸ್ಸಾಗಿದೆ, ಓವನ್ ಪೂರ್ತಿ ನಿನ್ನ ಕೈಗೆ ಒಪ್ಪಿಸಲು ತಯಾರಿದ್ದಾರೆ. ಆದರೆ ನಮ್ಮ ಫ್ಯಾಕ್ಟರಿಯ ಬಿಸ್ಕತ್ತಿನಲ್ಲಿ ತಂತಿ ಸಿಕ್ಕಿದ ಸುದ್ದಿ ಅವರ ಕಿವಿಗೂ ಬಿದ್ದಿದೆ. "ಓವನ್ನಿನ ತಂತಿ ಬೆಲ್ಟು ಹರೀತಿದೆ ಅಂತ ಗೊತ್ತಿದ್ದೂ ಯಾರಿಗೂ ಹೇಳಲಿಲ್ಲ ಅಂತ ನಿಮ್ಮ ಮೇಲೆ ಬರೆದಿದ್ದಾರಂತಲ್ಲಮ್ಮ. ಅದು ಸುಳ್ಳು ಅನ್ನೋದಾದರೆ ಅಲ್ಲಿದ್ದವರು ಯಾರಾದರೂ ನಾಲ್ಕು ಸಾಲು ಬರೆದುಕೊಡಲಿ, ಮಾರ್ಚ್ ಮುಗಿಯೋವರೆಗೆ ಕಾಯ್ತೀನಿ" ಅಂದರಂತೆ. ಅದಕ್ಕೆ ನೀನು ನನಗೆ ಬರೆದೆ. "ವಿಚಾರಣೆಯಲ್ಲಿ ನನ್ನ ಪರವಾಗಿ ಬಾಯಿ ಬಿಟ್ಟವಳು ನೀನೊಬ್ಬಳೇ. ಅಲ್ಲಿ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಕಳಿಸು, ಸಾಕು" ಅಂತ. ಕೊನೆಗೆ, "ನಿನಗೆ ನಾಲ್ಕು ಸಾಲು ಯಾವ ಲೆಕ್ಕ, ನಾನೂರು ಬೇಕಾದರೂ ಬರೀತೀಯ" ಅಂತ ತಮಾಷೆ ಬೇರೆ ಮಾಡಿದ್ದೆ.

ಬರೆಯಲು ಕೂತಾಗಲೆಲ್ಲ ದವಡೆ ಬಿಗಿಯುತ್ತಿತ್ತು ಕಣಕ್ಕ. ನೆಪ ಹೇಳುತ್ತಿಲ್ಲ. ಕೈಯಿಂದ ಬರೆಯುವುದಕ್ಕೂ ದವಡೆಗೂ ಏನು ಸಂಬಂಧ ಅಂತ ನೀನು ಕೇಳುತ್ತೀಯ, ನಾನೂ ಕೇಳಿಕೊಂಡೆ. ಅದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಹೊಟ್ಟೆಗೆ ಹಾಕಿಕೋ.

ಶುರುವಾದದ್ದು ಸೆಪ್ಟೆಂಬರ್ ಮೊದಲ ವಾರ. ನೀನು ಊರು ಬಿಟ್ಟು ಹತ್ತು ಹನ್ನೆರಡು ದಿನವಾಗಿತ್ತು. ಬೆಳಗ್ಗೆ ಎದ್ದಾಗ ಎರಡೂ ಕಿವಿಯ ಮುಂದೆ ನೋವು. ಚಳಿಗಾಳಿ ಹೊಡೆದಿರಬೇಕು ಅಂತ ಕಿವಿಗೆ ಹತ್ತಿ ಇಟ್ಟುಕೊಂಡೆ. ನಾಲ್ಕು ದಿನದ ಮೇಲೆ ಬ್ರೆಡ್ಡು ಕಚ್ಚಲು ಹೋದರೆ ಬಲಗಡೆ ಕಟಕ್ ಅಂದಿತು. ಇವರು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದವರು ತಲೆಯೆತ್ತಿ, "ಏನದು, ದಾರ ಕಡಿದ ಹಾಗಾಯ್ತು" ಅಂದರು. ನನ್ನ ದವಡೆ ಅಂದೆ. ನಂಬಲಿಲ್ಲ. ಹತ್ತಿರ ಬಂದು ಇನ್ನೊಮ್ಮೆ ಕಚ್ಚು ಅಂತ ಕಿವಿ ಕೊಟ್ಟು ಕೇಳಿದರು. ನಿನಗೆ ಗೊತ್ತಲ್ಲ ನಿನ್ನ ಸೂಜಿ ಮೇಷ್ಟ್ರು, ಯಾವ ಸದ್ದಾದರೂ ಮೆಷಿನ್ ರಿಪೇರಿ ಅಂದುಕೊಳ್ಳುತ್ತಾರೆ. "ಎಣ್ಣೆ ಬಿಡಬೇಕೇನೋ" ಅಂದರು. ಆವತ್ತು ಇಬ್ಬರೂ ನಕ್ಕೆವು.

ಅಕ್ಟೋಬರ್ ಮುಗಿಯುವ ಹೊತ್ತಿಗೆ ನಗು ನಿಂತಿತು. ಬಾಯೊಳಗೆ ಮೂರು ಬೆರಳು ನಿಲ್ಲಿಸಿ ಇಡುವಷ್ಟು ಜಾಗ ಎಲ್ಲರಿಗೂ ಇರುತ್ತದಂತೆ. ನನಗೆ ಒಂದೂವರೆ ಬೆರಳು ಹಿಡಿಯುತ್ತಿತ್ತು. ಸೇಬು ಕಚ್ಚುವುದು ಹೋಯಿತು, ಆಮೇಲೆ ಹೋಳು ಮಾಡಿದ ಸೇಬೂ ಹೋಯಿತು. ಬೇಯಿಸಿದ ಆಲೂಗಡ್ಡೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಕಿವುಚಿದ ಬಾಳೆಹಣ್ಣು. ಒಂದು ತುತ್ತು ಅಗಿಯುವಷ್ಟರಲ್ಲಿ ಕೆನ್ನೆ ಮೆಟ್ಟಿಲು ಹತ್ತಿದ ಕಾಲಿನಂತೆ ಸೋತು ಹೋಗುತ್ತಿತ್ತು. ಮೆದ್ದು ಮುಗಿಸಲು ಮುಕ್ಕಾಲು ಗಂಟೆ ಬೇಕಾದಾಗ ಮುಗಿಸದೆಯೇ ಎದ್ದುಬಿಡುತ್ತಿದ್ದೆ. ಇವರು ನನ್ನ ರವಿಕೆಗಳನ್ನು ಎರಡು ಸಲ ಹಿಡಿದು ಹೊಲಿದರು.

ಒಂದು ಭಾನುವಾರ ಊಟವಾದ ಮೇಲೆ ಹಾಗೇ ಕಣ್ಣು ಮುಚ್ಚಿದ್ದೆ. ಎಚ್ಚರವಾದಾಗ ಇವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. "ನೀನು ನಿದ್ದೇಲಿ ಹಲ್ಲು ಕಡೀತೀಯ. ಕಲ್ಲು ಬೀಸಿದ ಹಾಗೆ. ಮುಖ ನೋಡಿದೆ, ಯಾರ ಮೇಲೋ ಸಿಟ್ಟಿರೋ ಹಾಗಿತ್ತು. ನನ್ನ ಮೇಲಾ?" ಅಂದರು. ಅಲ್ಲ ಅಂದೆ. "ಮತ್ಯಾರ ಮೇಲೆ?" ಅಂದರು. ಅದಕ್ಕೆ ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಇನ್ನು ಕೆಲಸದ ಮಾತು. ರುಚಿಕೋಣೆಯಲ್ಲಿ ನಾವು ಮಾಡುವುದಾದರೂ ಏನು, ಅಗಿಯುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಟ್ರೇ ಮೇಲೆ ಟ್ರೇ. ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ, ಉಗುಳು, ನೀರು ಮುಕ್ಕಳಿಸು, ಚೀಟಿ ಬರೆ. ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಚೀಟಿ ಕೆಳಗೆ ಹೋಗದೆ ಯಾವ ಓವನ್ನೂ ನಿಲ್ಲುವ ಹಾಗಿಲ್ಲ. ಇದನ್ನು ನಿನಗೆ ಹೇಳುವುದು ತಾಯಿಗೆ ಮಗುವಿನ ಹೆಸರು ಹೇಳಿಕೊಟ್ಟ ಹಾಗೆ. ಆದರೂ ಹೇಳಿದೆ, ಯಾಕೆಂದರೆ ಈಗ ನಾನು ಮುಖ್ಯ ರುಚಿಗಾರ್ತಿ, ಕಿಟಕಿಯ ಪಕ್ಕದ ದೊಡ್ಡ ಕುರ್ಚಿ ನನ್ನದು. ಅದನ್ನು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಆ ಕುರ್ಚಿಯಲ್ಲಿ ಕೂತು ಐದು ತಿಂಗಳಿಂದ ನಾನು ಒಂದು ಬಿಸ್ಕತ್ತನ್ನೂ ಸರಿಯಾಗಿ ಅಗಿದಿಲ್ಲ. ಎದುರು ಕೂರುವ ಕನ್ನಡಕದಮ್ಮ ಅಗಿಯುತ್ತಾರೆ, ಮೇಜಿನ ಮೇಲೆ ಒಂದು ಬೆರಳು ಇಟ್ಟರೆ ಹಸಿರು, ಎರಡು ಇಟ್ಟರೆ ಕೆಂಪು. ನಾನು ಬಿಸ್ಕತ್ತನ್ನು ನಾಲಿಗೆಯ ಮೇಲೆ ನೆನೆಯಲು ಬಿಟ್ಟು ದೊಡ್ಡ ಮನುಷ್ಯಳ ಹಾಗೆ ಕಣ್ಣು ಮುಚ್ಚಿಕೊಂಡು ಯೋಚಿಸುತ್ತೇನೆ. "ಎಷ್ಟು ದಿನ ಈ ನಾಟಕ?" ಅಂತ ಕನ್ನಡಕದಮ್ಮ ಕೇಳಿದರು. ಹಲ್ಲು ನೋವು, ಕೀಳಿಸಿದರೆ ಹೋಗುತ್ತದೆ ಅಂದೆ.

ನಿಜಕ್ಕೂ ಕೀಳಿಸಿದೆ. ಹಲ್ಲಿನ ಡಾಕ್ಟರು ಹುಳುಕೇನೂ ಇಲ್ಲ ಅಂದರು. ಇದೆ, ಬಲಗಡೆಯ ಕೊನೆಯ ದವಡೆ ಹಲ್ಲೇ, ನನಗೆ ಗೊತ್ತು ಅಂತ ಹಟ ಹಿಡಿದೆ. ನನ್ನ ಬಾಯಿಯ ವಿಷಯದಲ್ಲಿ ನನಗಿಂತ ಇವರಿಗೆ ಹೆಚ್ಚು ತಿಳಿದಿದೆಯೇ ಅನ್ನುವ ಜಂಬ. ಅವರಿಗೂ ಸಾಕಾಗಿ ಕಿತ್ತು, ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ಹಾಲಿನಂಥ ಬಿಳಿ ಹಲ್ಲು, ಒಂದು ಚುಕ್ಕೆಯೂ ಇಲ್ಲ. ನೋವು ಇದ್ದಲ್ಲೇ ಇತ್ತು. ಒಂದು ತಪ್ಪೂ ಮಾಡದ್ದನ್ನು ಕಿತ್ತು ಹಾಕಿಸಿದೆನಲ್ಲ ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ. ಇವರು ಹೆದರಿಬಿಟ್ಟರು, ಒಂದು ಹಲ್ಲಿಗೆ ಯಾರಾದರೂ ಹೀಗೆ ಅಳುತ್ತಾರಾ ಅಂತ.

ಆಮೇಲೆ ಆ ಹಲ್ಲಿನ ಡಾಕ್ಟರೇ ಒಂದು ಚೀಟಿ ಬರೆದು ದೊಡ್ಡಾಸ್ಪತ್ರೆಯ ದವಡೆ ಡಾಕ್ಟರ ಹತ್ತಿರ ಕಳಿಸಿದರು. ಹೆಂಗಸು, ನಮ್ಮ ವಯಸ್ಸಿನವರೇ, ಮಾತು ಕಮ್ಮಿ. ಎರಡನೇ ಮಹಡಿಯ ಕೊನೆಯ ಕೋಣೆ, ಮೂರು ಬೆಂಚು, ಗೋಡೆಯ ಮೇಲೆ ತಲೆಬುರುಡೆಯ ಪಟ. ನನ್ನನ್ನು ಕೂರಿಸಿ ಎರಡು ಕೆನ್ನೆಯ ಮೇಲೂ ಎರಡು ಕಿವಿಯ ಮೇಲ್ಭಾಗದಲ್ಲೂ ಬೆರಳು ಇಟ್ಟು, "ಹಲ್ಲು ಕಚ್ಚಿ" ಅಂದರು. ಕಚ್ಚಿದೆ. "ಈಗ ಬಿಡಿ" ಅಂದರು. ಬಿಟ್ಟೆ. "ಬಿಡಿ ಅಂದೆ" ಅಂದರು. ಬಿಟ್ಟಿದ್ದೀನಲ್ಲ ಡಾಕ್ಟರೇ ಅಂದೆ. ಅವರು ನನ್ನ ಕೈಯನ್ನೇ ತೆಗೆದು ನನ್ನ ಕೆನ್ನೆಯ ಮೇಲಿಟ್ಟರು. ಒಳಗೆ ಕಡಲೆಕಾಯಿ ಗಾತ್ರದ ಗಂಟು, ಕಲ್ಲಿನಷ್ಟು ಗಟ್ಟಿ. ಮುಟ್ಟಿದರೆ ನೋವು ಹಣೆಯವರೆಗೂ ಹೋಯಿತು.

"ಹಲ್ಲು ಸರಿ ಇದೆ, ಕೀಲೂ ಮುರಿದಿಲ್ಲ. ಸ್ನಾಯು ದಣಿದಿದೆ" ಅಂದರು. "ಇಡೀ ದಿನದಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗೋದು ಅಗಿಯುವಾಗ, ನುಂಗುವಾಗ ಮಾತ್ರ. ಎಲ್ಲ ಕೂಡಿಸಿದರೂ ಸ್ವಲ್ಪ ಹೊತ್ತು. ನೀವು ಬಹುಶಃ ಗಂಟೆಗಟ್ಟಲೆ ಕಚ್ಚಿಕೊಂಡೇ ಇದ್ದೀರಿ, ಎಚ್ಚರದಲ್ಲೂ, ನಿದ್ದೆಯಲ್ಲೂ. ಮನಸ್ಸಿನಲ್ಲಿ ಏನಾದರೂ ಹಿಡಿದುಕೊಂಡವರಲ್ಲಿ ಇದನ್ನ ಬಹಳ ನೋಡ್ತೀನಿ. ಸಾಲ, ಜಗಳ, ಸಾವು, ಏನಾದರೂ." ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಅಂದೆ. ಅವರು ವಾದಿಸಲಿಲ್ಲ. ಬಿಸಿನೀರಿನ ಬಟ್ಟೆ ಇಡಿ, ಮೆತ್ತಗಿನದು ತಿನ್ನಿ, ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಕವಚ ಮಾಡಿಸಿಕೊಡ್ತೀನಿ ಅಂದರು. ಕೊನೆಗೆ ಒಂದು ಹಾಳೆಯ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ ಕೊಟ್ಟರು, ಅಂಟಿಸುವಂಥವು. "ದಿನಾ ಕಣ್ಣಿಗೆ ಬೀಳೋ ಕಡೆ ಅಂಟಿಸಿ. ಚುಕ್ಕೆ ಕಂಡಾಗಲೆಲ್ಲ ನಿಮ್ಮ ಹಲ್ಲು ತಾಗಿದೆಯಾ ಅಂತ ನೋಡಿಕೊಳ್ಳಿ. ತಾಗಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಎಲ್ಲಿ, ಯಾವ ಹೊತ್ತಿನಲ್ಲಿ ಅಂತ."

ಮನೆಗೆ ಬಂದು ಮಕ್ಕಳ ಆಟದ ಹಾಗೆ ಅಂಟಿಸಿದೆವು. ನಲ್ಲಿಯ ಮೇಲೆ, ಕನ್ನಡಿಯ ಮೂಲೆಯಲ್ಲಿ, ಇವರ ಹೊಲಿಗೆ ಮೆಷಿನ್ನಿನ ಚಕ್ರದ ಮೇಲೆ, ಬಾಗಿಲ ಚಿಲಕದ ಮೇಲೆ, ಗುಂಡಿ ಹಾಕುವ ತಗಡಿನ ಡಬ್ಬದ ಮೇಲೆ. ಫ್ಯಾಕ್ಟರಿಯಲ್ಲಿ ಕುರ್ಚಿಯ ಕೈಗೆ ಒಂದು, ಮೆಟ್ಟಿಲ ಕೆಳಗೆ ನೀನು ನಿಲ್ಲುತ್ತಿದ್ದ ಎರಡನೇ ಓವನ್ನಿನ ಕಂಬಕ್ಕೆ ಒಂದು. ಎರಡು ವಾರ ಬರೆದೆ. ಮೊದಲೆರಡು ದಿನ ಬೇಸರ ಬಂದು ಅರ್ಧಂಬರ್ಧ ಬರೆದೆ, ಆಮೇಲೆ ಬರೆಯಲು ಹೆದರಿಕೆಯಾಯಿತು.

ಮತ್ತೆ ಹೋದಾಗ ಡಾಕ್ಟರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಲ್ಲಿ ಹತ್ತಿರ ಒಂದೇ ಸಲ. ಮೆಷಿನ್ ಹತ್ತಿರ ಇಲ್ಲವೇ ಇಲ್ಲ, ಗಂಡನ ಪಕ್ಕ ಆರಾಮವಾಗಿರ್ತೀರ. ಕುರ್ಚಿ ಹತ್ತಿರ ಪ್ರತಿದಿನ, ಕೂತಾಗಲೆಲ್ಲ. ಎರಡನೇ ಓವನ್ ದಾಟುವಾಗ ಪ್ರತಿ ಸಲ. ಅದು ಕೆಲಸದ ಜಾಗ, ಬಿಡಿ. ಈ ಗುಂಡಿ ಡಬ್ಬ ಏನು? ದಿನಕ್ಕೆ ಐದಾರು ಸಲ ಬರೆದಿದ್ದೀರಲ್ಲ, ಏನಿದೆ ಅದರಲ್ಲಿ?" ಗುಂಡಿ ಅಂದೆ. ಅವರು ನನ್ನನ್ನೇ ನೋಡಿದರು. ಒಂದು ಕಾಗದವೂ ಇದೆ ಅಂದೆ. "ಯಾರದು?" ನನ್ನ ಸ್ನೇಹಿತೆಯದು ಅಂದೆ. "ಬೈದು ಬರೆದಿದ್ದಾರಾ?" ಇಲ್ಲ ಡಾಕ್ಟರೇ, ತುಂಬ ಪ್ರೀತಿಯಿಂದ ಬರೆದಿದ್ದಾಳೆ ಅಂದೆ. ಅಷ್ಟು ಹೇಳಿದ್ದೇ ತಡ ದವಡೆ ಎಷ್ಟು ಬಿಗಿಯಿತೆಂದರೆ ಉತ್ತರ ಬರೆದಿರಾ ಅಂತ ಕೇಳಿದ್ದಕ್ಕೆ ಇಲ್ಲವೆಂದು ತಲೆ ಮಾತ್ರ ಆಡಿಸಿದೆ. "ಅದಕ್ಕೆ ಉತ್ತರ ಬರೆಯಿರಿ. ನಾನು ಕೊಡೋ ಔಷಧಿ ಅರ್ಧ ಕೆಲಸ ಮಾಡುತ್ತೆ, ಉಳಿದದ್ದು ನನ್ನ ಹತ್ತಿರ ಇಲ್ಲ" ಅಂದರು. ಅದಾಗಿ ಒಂಬತ್ತು ದಿನವಾಯಿತು.

ಹಾಗಾಗಿ ಬರೆಯುತ್ತಿದ್ದೇನೆ ಅಕ್ಕ. ಜುಲೈ ತಿಂಗಳ ಆ ಗುರುವಾರ ನಿನಗೆ ಚೆನ್ನಾಗಿ ನೆನಪಿದೆ. ಲೋಹ ಹಿಡಿಯುವ ಯಂತ್ರ ರಿಪೇರಿಗೆ ಹೋಗಿತ್ತು. ನೀನು ಟ್ರೇಯನ್ನು ಬೇರೆಯವರ ಕೈಲಿ ಕಳಿಸದೆ ನೀನೇ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದೆ. ಏದುಸಿರು ಬಿಡುತ್ತಾ, "ಬೆಲ್ಟಿನ ಸದ್ದು ಬೇರೆ ಥರ ಇದೆ ಕಣೆ. ಫೋರ್‌ಮನ್ ನಂಬ್ತಾ ಇಲ್ಲ, ನಿನ್ನ ಕಿವಿ ಹೋಗಿದೆ ಅಂತಾನೆ. ಈ ಟ್ರೇ ಪೂರಾ ಅಗಿದು ನೋಡು. ಏನಾದರೂ ಸಿಕ್ಕರೆ ಕೆಂಪು ಚೀಟಿ ಕೊಡು, ನಾನು ನಿಲ್ಲಿಸ್ತೀನಿ" ಅಂದೆ. ಮನುಷ್ಯರ ಮಾತು ನಿನಗೆ ಎರಡು ಸಲ ಹೇಳಬೇಕಿತ್ತು, ಬೆಲ್ಟಿನ ಮಾತು ಒಂದೇ ಸಲಕ್ಕೆ ಕೇಳಿಸುತ್ತಿತ್ತು. ಸರಿ ಹೋಗು, ನೋಡ್ತೀನಿ ಅಂದೆ. ಆ ಹೊತ್ತಿಗೆ ಕನ್ನಡಕದಮ್ಮ ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ.

ನಾನು ಅಗಿಯಲಿಲ್ಲ ಅಕ್ಕ. ಒಂದನ್ನೂ ಅಗಿಯಲಿಲ್ಲ.

ಸೋಮಾರಿತನವೆಂದು ಹೇಳಿದರೆ ಸುಲಭವಾಗುತ್ತಿತ್ತು. ಅದೂ ಅಲ್ಲ. ನಿನ್ನ ಓವನ್ನಿನ ಟ್ರೇಯನ್ನು ನಾನು ವರ್ಷಗಳಿಂದಲೇ ಅಗಿಯುವುದನ್ನು ಬಿಟ್ಟಿದ್ದೆ. ಬೇರೆ ಓವನ್ನಿನದು ಬಂದರೆ ಎಡಕ್ಕೆ ಹತ್ತು ಬಲಕ್ಕೆ ಹತ್ತು. ಎರಡನೇ ಓವನ್ನಿನದು ಬಂದರೆ ಬಣ್ಣ ನೋಡುವುದು, ಒಂದನ್ನು ಮುರಿದು ಸದ್ದು ಕೇಳುವುದು, ಹಸಿರು ಚೀಟಿ ಬರೆಯುವುದು. ಒಲೆಯಕ್ಕ ಬೇಯಿಸಿದ್ದಾಳೆ ಅಂದ ಮೇಲೆ ಅದರಲ್ಲಿ ನೋಡುವುದೇನಿದೆ ಅಂತ. ಅದನ್ನು ನಾನು ಸ್ನೇಹ ಅಂದುಕೊಂಡಿದ್ದೆ. ಅಗಿದರೆ ನಿನ್ನನ್ನು ಅನುಮಾನಿಸಿದ ಹಾಗೆ ಅನ್ನಿಸುತ್ತಿತ್ತು. ಆವತ್ತು ನೀನೇ ಬಾಯಿ ಬಿಟ್ಟು ಅಗಿ ಅಂದರೂ, ಇವಳಿಗೆ ಎಲ್ಲದರಲ್ಲೂ ಗಾಬರಿ ಅಂತ ನಕ್ಕು, ಮೂರು ಮುರಿದು, ಹಸಿರು ಚೀಟಿ ಬರೆದು ಕೆಳಗೆ ಕಳಿಸಿದೆ. ಆಮೇಲೆ ಬೆಲ್ಟು ಸಂಜೆಯವರೆಗೂ ಓಡಿತು. ನಾಲ್ಕನೇ ದಿನ ಒಬ್ಬ ಬಸ್ ಕಂಡಕ್ಟರ್ ಆ ಬಿಸ್ಕತ್ತು ಕಚ್ಚಿ ಒಸಡಿಗೆ ತಂತಿ ಚುಚ್ಚಿಕೊಂಡು ಆಸ್ಪತ್ರೆ ಸೇರಿದ. ಹದಿನೈದು ದಿನ ಇದ್ದನಂತೆ. ಕೈಯಲ್ಲಿದ್ದ ಹಸಿರು ಚೀಟಿ ನಂಬಿ ನೀನು ಬೆಲ್ಟು ಬಿಟ್ಟೆ, ತಪ್ಪು ನಿನ್ನ ತಲೆಗೆ ಬಂತು.

ಇದನ್ನು ನಿನಗೆ ಎಂಟು ತಿಂಗಳಲ್ಲಿ ಒಂದು ಸಲವೂ ಹೇಳಿಲ್ಲ. ಅಗಿದೆ, ಏನೂ ಸಿಗಲಿಲ್ಲ ಅಂತಲೇ ನೀನು ನಂಬಿದ್ದೀಯ. ಬಸ್ ನಿಲ್ದಾಣದಲ್ಲಿ ನಿನ್ನ ಟ್ರಂಕು ಎತ್ತಿಕೊಡುವಾಗಲೂ ನೀನು ನನಗೇ ಸಮಾಧಾನ ಹೇಳಿದೆ. "ನಿನ್ನ ಹಲ್ಲಿಗೆ ಸಿಗದೇ ಇದ್ದದ್ದು ಅವನ ಹಲ್ಲಿಗೆ ಸಿಕ್ತು, ಹಣೆಬರಹ, ನೀನು ಮನಸ್ಸಿಗೆ ಹಚ್ಚಿಕೋಬೇಡ" ಅಂದೆ.

ನೀನು ಕೇಳಿದ ನಾಲ್ಕು ಸಾಲು ಇದರ ಜೊತೆಗಿದೆ. ಬೆಲ್ಟಿನ ಸದ್ದಿನ ವಿಷಯ ನೀನು ನನಗೆ ಮುಂಚೆಯೇ ಹೇಳಿದ್ದೆ, ಟ್ರೇ ನೀನೇ ತಂದು ಕೊಟ್ಟೆ, ನಾನು ಅಗಿಯದೆ ಹಸಿರು ಚೀಟಿ ಕೊಟ್ಟೆ ಅಂತ ಬರೆದು ಸಹಿ ಹಾಕಿದ್ದೇನೆ. ಬೇಕರಿಯ ಯಜಮಾನರಿಗೆ ಕೊಡು. ನಿನ್ನ ಕೈಗೆ ಮತ್ತೆ ಒಂದು ಓವನ್ ಬರಲಿ. ನಿನ್ನ ತಂಗಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ, ಭಾರ ಎತ್ತಬೇಡ. ಇವರು ನಿನಗೆ ಒಂದು ಅಂಗೈ ಪಟ್ಟಿ ಹೊಲಿದಿಟ್ಟಿದ್ದಾರೆ, ಬಿಸಿ ಟ್ರೇ ಹಿಡಿಯಲು, ಒಳಗೆ ಎರಡು ಪದರ ಹತ್ತಿ. ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತೇನೆ. ನೂರು ಕಾಲ ಚೆನ್ನಾಗಿರು ಅಕ್ಕ.

ಇಂತಿ ನಿನ್ನ,
ಮಾತಿನಮಲ್ಲಿ

ಮರೆತ ಮಾತು, ಬುಧವಾರ:

ಮರೆತದ್ದಲ್ಲ. ಭಾನುವಾರ ಲಕೋಟೆಗೆ ಅಂಟು ಹಚ್ಚಿ ಚೀಲದಲ್ಲಿ ಇಟ್ಟುಕೊಂಡೆ. ಸೋಮವಾರ ಅಂಚೆಪೆಟ್ಟಿಗೆಯ ಮುಂದೆ ಹೋಗಿ ವಾಪಸ್ಸು ಬಂದೆ, ಮಂಗಳವಾರವೂ ಬಂದೆ. ಬರೆದರೆ ದವಡೆ ಬಿಡುತ್ತದೆ ಅಂದುಕೊಂಡಿದ್ದೆ, ಬಿಡಲಿಲ್ಲ, ಇನ್ನೂ ಬಿಗಿಯಿತು. ಇವರು ಕತ್ತರಿ ಕೆಳಗಿಟ್ಟು, "ಕಾಗದದಲ್ಲಿ ಎಲ್ಲಾ ಬರೆದಿದ್ದೀಯಾ?" ಅಂದರು. ಇಲ್ಲ ಅಂದೆ. "ಹಾಗಾದರೆ ಲಕೋಟೆ ಹರಿದು, ಕಾಗದ ಪೂರ್ತಿ ಮಾಡು" ಅಂದರು. ಏನು ಬಿಟ್ಟಿದ್ದೀಯ ಅಂತ ಕೇಳಲಿಲ್ಲ, ನಾನೇ ಹೇಳಿದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಇವರು ನನ್ನ ಮುಖ ನೋಡದೆ ಎದ್ದು ಹೊರಗೆ ಹೋದರು. ಒಂದು ಗಂಟೆಯ ಮೇಲೆ ಬಂದು ಊಟಕ್ಕೆ ಬಡಿಸು ಅಂದರು.

ಬೇಕರಿಯ ಯಜಮಾನರು ಬುದ್ಧಿವಂತರಾಗಿದ್ದರೆ ನನ್ನ ನಾಲ್ಕು ಸಾಲು ಓದಿ ಫ್ಯಾಕ್ಟರಿಗೆ ಫೋನು ಮಾಡುತ್ತಾರೆ. ಫ್ಯಾಕ್ಟರಿಯವರು ಫೈಲು ತೆಗೆದು ಓದುತ್ತಾರೆ. ಫೈಲಿನಲ್ಲಿ ನನ್ನ ಹೆಸರಿನ ಕೆಳಗೆ ಬೇರೆಯೇ ಇದೆ.

ಆಗಸ್ಟಿನಲ್ಲಿ ವಿಚಾರಣೆಗೆ ನಮ್ಮನ್ನು ಒಬ್ಬೊಬ್ಬರನ್ನೇ ಒಳಗೆ ಕರೆದರಲ್ಲ. ನೀನು ಮೊದಲು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದು ಬೆಂಚಿನ ಮೇಲೆ ಕೂತೆ. ಆಮೇಲೆ ನನ್ನ ಸರದಿ. ಒಳಗೆ ಇಬ್ಬರು ಅಧಿಕಾರಿಗಳು, ಮ್ಯಾನೇಜರು. ಮೇಜಿನ ಮೇಲೆ ನಾನು ಬರೆದ ಹಸಿರು ಚೀಟಿ, ಮೇಲೊಂದು ಗಾಜಿನ ಗುಂಡು. "ಎರಡನೇ ಓವನ್ನಿನವರು ನಿಮಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ ಅಂತಾರೆ. ಕೊಟ್ಟಿದ್ದರಾ?" ಅಂದರು. ಹೌದು ಅಂದರೆ, ಕೊಟ್ಟ ಮೇಲೂ ಯಾಕೆ ಹಸಿರು ಚೀಟಿ ಬರೆದಿರಿ ಅಂತ ಕೇಳುತ್ತಾರೆ. ಅದು ನನಗೆ ತಕ್ಷಣ ಹೊಳೆಯಿತು. ಹೆಚ್ಚು ಹೊತ್ತೂ ಬೇಕಾಗಲಿಲ್ಲ ಅಕ್ಕ, ಒಂದು ಉಗುಳು ನುಂಗುವಷ್ಟು ಹೊತ್ತು.

ಇಲ್ಲ, ನನಗೇನೂ ಹೇಳಿಲ್ಲ ಅಂದೆ.

ಅವರು ಇನ್ನೊಮ್ಮೆ ಕೇಳಿದರು. "ನೀವಿಬ್ಬರೂ ಸ್ನೇಹಿತೆಯರು ಅಂತ ಕೇಳಿದ್ದೀವಿ. ಯೋಚನೆ ಮಾಡಿ ಹೇಳಿ." ಯೋಚನೆ ಮಾಡಲು ಎರಡನೇ ಅವಕಾಶ ಕೊಟ್ಟರು, ನೋಡು. ಸ್ನೇಹ ಬೇರೆ, ಕೆಲಸ ಬೇರೆ ಸಾರ್, ಅವಳು ಟ್ರೇ ಇಟ್ಟು ಸುಮ್ಮನೆ ಹೋದಳು ಅಂದೆ. ತನಗೂ ಏನೂ ಹೇಳಿಲ್ಲ ಅಂತ ಫೋರ್‌ಮನ್ ಮೊದಲೇ ಬರೆದುಕೊಟ್ಟಿದ್ದನಂತೆ. ನನ್ನದನ್ನೂ ಬರೆದುಕೊಂಡರು, ಸಹಿ ಹಾಕಿದೆ. ಅದರ ಮೇಲೆಯೇ ನಿನ್ನನ್ನು ತೆಗೆದದ್ದು. ಮುಂದಿನ ತಿಂಗಳು ದೊಡ್ಡ ಕುರ್ಚಿ ಖಾಲಿಯಾದಾಗ ಮ್ಯಾನೇಜರು ನನ್ನನ್ನು ಕರೆದು, "ಸ್ನೇಹಿತೆ ಅಂತಲೂ ನೋಡದೆ ಸತ್ಯ ಹೇಳಿದಿರಿ, ಅಂಥವರು ಬೇಕು" ಅಂತ ಅಲ್ಲಿ ಕೂರಿಸಿದರು. ನಾನು ಕೂತೆ.

ಇವತ್ತು ಬೆಳಗ್ಗೆ ಎಲ್ಲವನ್ನೂ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟೆ. "ಎಂಟು ತಿಂಗಳ ಹಿಂದಿನದು, ಯಾಕಮ್ಮ ಕೆದಕ್ತೀರಾ? ಕಂಡಕ್ಟರ್ ವಾಸಿಯಾದ, ಬೆಲ್ಟು ಹೊಸದು ಬಂತು" ಅಂದರು. ನನ್ನ ಹೇಳಿಕೆ ಸುಳ್ಳು ಸಾರ್, ಫೈಲಿನಲ್ಲಿ ಇದನ್ನು ಇಡಿ, ತಲುಪಿದ್ದಕ್ಕೆ ಸೀಲು ಹಾಕಿಕೊಡಿ ಅಂದೆ. ಒಂದೂವರೆ ಬೆರಳಿನಷ್ಟು ತೆರೆದ ಬಾಯಲ್ಲಿ ಹೇಳಿದ್ದು ಅವರಿಗೆ ಎಷ್ಟು ಅರ್ಥವಾಯಿತೋ, ಮೂರು ಸಲ ಹೇಳಬೇಕಾಯಿತು. ಸೀಲು ಹಾಕಿದರು. ಕರೆದಾಗ ಬನ್ನಿ, ಅಲ್ಲಿಯವರೆಗೆ ಬರಬೇಡಿ ಅಂದರು. ಆ ಸೀಲಿನ ಪ್ರತಿ ಇದರೊಳಗಿದೆ. ನಾಲ್ಕು ಸಾಲಿನ ಹಾಳೆಯನ್ನು ಹರಿದು ಹಾಕಿದ್ದೇನೆ, ಬೇಕರಿಯವರಿಗೆ ಇದನ್ನೇ ತೋರಿಸು, ಇದರಲ್ಲಿ ಎಲ್ಲ ಇದೆ. ದವಡೆ ಬಿಟ್ಟಿತೇ ಅಂತ ನೀನು ಮೊದಲು ಅದನ್ನೇ ಕೇಳುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಬಿಟ್ಟಿಲ್ಲ.

ಸುಳ್ಳು ಹೇಳಿದ್ದಕ್ಕಾದರೂ ಹೆದರಿಕೆಯ ನೆಪವಿತ್ತು. ಹೊರಗೆ ಬಂದ ಮೇಲಿನದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ನೀನು ಬೆಂಚಿನಿಂದ ಎದ್ದು ಬಂದು, "ಏನಂದೆ?" ಅಂತ ಕೇಳಿದೆ. ಹೇಳಬೇಕಾದ್ದು ಹೇಳಿದ್ದೀನಿ ಅಂದೆ. ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ನನಗೆ ಗೊತ್ತಿತ್ತು ಕಣೆ. ಯಾರು ಕೈಬಿಟ್ಟರೂ ನೀನು ಬಿಡಲ್ಲ" ಅಂತ ಎಲ್ಲರೆದುರು ಅತ್ತುಬಿಟ್ಟೆ. ನಾನು ಹಲ್ಲು ಕಚ್ಚಿಕೊಂಡು ನಿನ್ನ ಬೆನ್ನು ಸವರುತ್ತಾ ನಿಂತಿದ್ದೆ ಅಕ್ಕ.